ಸೀಟಿನಡಿಯ ಊಟದ ಡಬ್ಬಿ

ಮಂಚೇನಹಳ್ಳಿಯ ತಾಯಂದಿರು ಗೌರಿಬಿದನೂರಿನ ಹಾಸ್ಟೆಲ್ ಮಕ್ಕಳಿಗೆ ಊಟ ಕಳಿಸುತ್ತಿದ್ದುದು ನಮ್ಮ ಬಸ್ಸಿನ ಕಂಡಕ್ಟರ್ ಕೈಲಿ. 'ಸೇರಿಸ್ತೀನಿ ಬಿಡಮ್ಮ' ಎನ್ನುತ್ತ ಡಬ್ಬಿಗಳನ್ನು ಸೀಟಿನಡಿ ತಳ್ಳುತ್ತಿದ್ದರು. ಯಾವುದು ಯಾರದೆಂದು ಚೀಟಿಯಿಲ್ಲದೆ ಹೇಳುತ್ತಿದ್ದರು.

ತನ್ನ ನಿಶ್ಚಿತಾರ್ಥದ ಹಿಂದಿನ ದಿನ ನನ್ನ ಗೆಳತಿ ಹಾಸ್ಟೆಲ್‌ನಿಂದ ಕಾಣೆಯಾದಳು. ಮೂರನೇ ಸಂಜೆ ನಾನು ಬಸ್ಸಿಳಿಯುತ್ತಿದ್ದಾಗ ಅವಳಪ್ಪ ಊರಿನ ಸ್ಟಾಪಿನಲ್ಲಿ ಕಂಡಕ್ಟರ್ ಕಾಲರ್ ಹಿಡಿದರು.

'ಎಲ್ಲಿ ಇಳಿಸ್ದೆ ನನ್ ಮಗಳ್ನ?'

'ಇಷ್ಟು ಜನದಲ್ಲಿ ಯಾರನ್ನ ಅಂತ ನೆನಪಿಟ್ಕಳ್ಳಲಣ್ಣ?'

ಅವಳಪ್ಪ ಬಸ್ಸಿನೊಳಗೆ ಹುಡುಕಲು ನುಗ್ಗಿದಾಗ ಕಂಡಕ್ಟರ್ ನನಗೊಂದು ಖಾಲಿ ಡಬ್ಬಿ ಕೊಟ್ಟು, 'ಅವಳಮ್ಮಂಗೆ ಕೊಟ್ಬಿಡಮ್ಮ' ಎಂದು ಪಿಸುಗುಟ್ಟಿದರು. ತೆರೆದೆ. ಮುಚ್ಚಳದ ಅಂಚಿಗೆ ಇನ್ನೂ ಒಣಗದ ಕರಿಬೇವಿನೆಲೆಗಳು ಸಾಲಾಗಿ ಅಂಟಿದ್ದವು. ಊಟದಿಂದ ಆರಿಸಿ ಹಾಗೆ ಜೋಡಿಸಿಡುವವಳು ನನ್ನ ಗೆಳತಿಯೊಬ್ಬಳೇ.

'ಏನದು?' ಅವಳಪ್ಪ ನನ್ನ ಹಿಂದೆಯೇ ನಿಂತಿದ್ದರು.

ಮುಚ್ಚಳ ಒತ್ತಿ ಹಿಡಿದೆ. 'ನನ್ ಡಬ್ಬಿ, ಅಂಕಲ್.'

ಅವರು ಹೋದರು. ಕಂಡಕ್ಟರ್ ಕಾಲರ್ ಸರಿಮಾಡಿಕೊಂಡು ನನ್ನ ಕೈಲಿದ್ದ ಡಬ್ಬಿ ನೋಡಿದರು.

'ಸೇರಿಸ್ತೀನಿ ಬಿಡಣ್ಣ' ಎಂದೆ.