ಪೆನ್ಸಿಲ್ ಮುಟ್ಟದ ಫೋಟೊ

ನಾಗಸಾಕಿಯ ಉರಕಾಮಿ ಏರಿನಲ್ಲಿ ಹಮಾಸಕಿ ತೊಮೊಜಿಯವರ ಫೋಟೊ ಸ್ಟುಡಿಯೊ ಇದೆ. ಅದರ ಗೋಡೆಗೆ ಆತುಕೊಂಡೇ ಹೆಂಗಸರ ಕೂದಲು ಕತ್ತರಿಸುವ ನನ್ನ ಅಂಗಡಿ. ಫೋಟೊಗೆ ಕೂರುವವರು ಮೊದಲು ನನ್ನ ಕುರ್ಚಿಯಲ್ಲಿ ಕೂರುತ್ತಾರೆ. ತಲೆ ಇನ್ನೊಬ್ಬರ ಕೈಯಲ್ಲಿರುವಾಗ ಮನುಷ್ಯ ಹೇಳದ ಮಾತಿಲ್ಲ. ಹಾಗಾಗಿ ಹಮಾಸಕಿಯವರ ಕತೆ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು.

ಮದುವೆ, ಶಾಲೆ, ಮಗುವಿನ ಮೊದಲ ಕಿಮೋನೊ ಎಂದು ಊರಿನ ಸಂತೋಷವನ್ನೆಲ್ಲ ಫೋಟೊ ತೆಗೆದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಅದನ್ನೆಲ್ಲ ಬಿಟ್ಟು, ಅಣುಬಾಂಬಿಗೆ ಸಿಕ್ಕಿಯೂ ಉಳಿದವರ ಫೋಟೊ ಮಾತ್ರ ತೆಗೆಯತೊಡಗಿದರು. ಫೋಟೊ ಆದ ಮೇಲೆ ಕೂತವರ ಮುಂದೆ ಚೌಕದ ದಪ್ಪ ರಟ್ಟು, ಕುಂಚ, ಮಸಿ ಇಟ್ಟು, ಮುಂದಿನವರಿಗೆ ಏನಾದರೂ ಬರೆಯಿರಿ ಎನ್ನುತ್ತಿದ್ದರು. ಕೆಲವರು 'ಶಾಂತಿ' ಎಂದಷ್ಟೇ ಬರೆದು ಚಹಾ ಕುಡಿದು ಹೋಗುತ್ತಿದ್ದರು. ಮುದುಕ ಮೀನುಗಾರನೊಬ್ಬ 'ಜಗಳ ಬಿಡಿ, ಬಿಸಿ ಆರುವ ಮುಂಚೆ ಉಣ್ಣಿ' ಎಂದು ಬರೆದ. ಕೈ ನಡುಗಿ ಮಸಿ ಚೆಲ್ಲಿದ್ದರೂ ಹಮಾಸಕಿಯವರಿಗೆ ಅದೇ ಬೇಕು. ಫೋಟೊ, ರಟ್ಟು ಎರಡನ್ನೂ ಜೊತೆಗೆ ಕಟ್ಟಿಕೊಂಡು ಶಾಲೆ ಶಾಲೆಗೆ ಹೊತ್ತೊಯ್ದು ಮಕ್ಕಳಿಗೆ ತೋರಿಸಿದರು. ಇನ್ನೊಂದು ಪ್ರತಿ ಕೂತವರಿಗೆ, ಸತ್ತ ದಿನ ಹೂವಿನ ನಡುವೆ ಇಡಲು. ಆ ಫೋಟೊವನ್ನು ನಮ್ಮವರು ಬದುಕಿದ್ದಾಗಲೇ ತೆಗೆಸಿಟ್ಟುಕೊಳ್ಳುತ್ತಾರೆ. ಮಕ್ಕಳ ಕೈಗೆ ಬಿಟ್ಟರೆ ಯಾವುದೋ ಪ್ರವಾಸದಲ್ಲಿ ಬಾಯಿ ತೆರೆದು ನಿಂತದ್ದನ್ನೇ ಕತ್ತರಿಸಿ ಇಟ್ಟಾರು ಎಂಬ ಭಯ.

ಒಂದು ವಿಷಯದಲ್ಲಿ ಮಾತ್ರ ಅವರದು ಕಲ್ಲಿನಂಥ ಹಟ. ತೆಗೆದ ಫೋಟೊವನ್ನು ತಿದ್ದಲು ಕೈಹಾಕುತ್ತಿರಲಿಲ್ಲ. ಕತ್ತಿನ ಸುಕ್ಕನ್ನಾದರೂ ಸ್ವಲ್ಪ ಅಳಿಸಿ ಎಂದು ಹೆಂಗಸರು ಗೋಗರೆದರೂ ತಲೆ ಅಲ್ಲಾಡಿಸುತ್ತಿದ್ದರು. ಅದರ ಹಿಂದೆ ಇದ್ದವಳು ಇಚಿನೋಸೆ ಕಿನು, ಏರಿನ ಬುಡದಲ್ಲಿ ಮೀನಿನ ವಡೆ ಕರಿಯುವವಳು.

ಬಾಂಬು ಬಿದ್ದಾಗ ಕಿನು ಹನ್ನೊಂದರ ಹುಡುಗಿ. ಎಡ ದವಡೆಯಿಂದ ಕತ್ತಿನವರೆಗೆ ಚರ್ಮ ಗಂಟುಗಂಟಾಗಿ ಉಳಿಯಿತು. ಮದುವೆಯ ವಯಸ್ಸಿಗೆ ಬಂದಾಗ, ಗಂಡಿನ ಮನೆಗೆ ಕಳಿಸುವ ಫೋಟೊಗೆ ಅವಳ ತಾಯಿ ಈ ಸ್ಟುಡಿಯೊಗೇ ಕರೆತಂದಳು. ಆ ದಿನ ಕೂದಲು ಬಾಚಿದ್ದು ನನ್ನಮ್ಮ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಅದರಲ್ಲಿ ಒಂದು ಸುಳ್ಳು ಹೇಳುವ ಕೆಲಸ ತೊಮೊಜಿಗೆ ಬಿತ್ತು. ಅವರಿನ್ನೂ ಅಪ್ಪನ ಕೈಕೆಳಗೆ ಕೆಲಸ ಕಲಿಯುತ್ತಿದ್ದರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಗಂಟುಗಳ ನೆರಳನ್ನೆಲ್ಲ ತುಂಬಿ, ಮೊಟ್ಟೆಯಷ್ಟು ನುಣುಪಾದ ಕೆನ್ನೆ ಮಾಡಿದರು. ಎಂದೂ ಹೊಗಳದ ಅಪ್ಪ ಅಂದು ಹೊಗಳಿದನಂತೆ.

ಗಂಡಿನ ತಾಯಿ ಬಂದಳು, ಕಿನುವನ್ನು ನೋಡಿದಳು, ಮುಖದಲ್ಲಿ ಏನೂ ತೋರಿಸದೆ ಚಹಾ ಮುಗಿಸಿ ಎದ್ದಳು. ಇಂಥ ಒಳ್ಳೆಯ ಹುಡುಗಿಗೆ ನಮ್ಮ ಹುಡುಗ ತಕ್ಕವನಲ್ಲ ಎಂದು ಆಮೇಲೆ ಹೇಳಿಕಳಿಸಿದಳು. ಬೇಡ ಎನ್ನುವುದಕ್ಕೆ ನಮ್ಮಲ್ಲಿ ಅದೇ ಮಾತು. ಕಿನುವಿಗೆ ಮದುವೆಯಾಗಲಿಲ್ಲ. ಅವಳು ಮತ್ತೆ ಯಾವ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ.

ಹಮಾಸಕಿಯವರು ಸಂಜೆ ಸಂಜೆ ವಡೆ ಕೊಳ್ಳಲು ಹೋಗುತ್ತಿದ್ದರು. ಕೇಳಬೇಕಾದ್ದನ್ನು ಕೇಳದೆ ವಡೆ ಹಿಡಿದು ವಾಪಸು ಬರುತ್ತಿದ್ದರು. ಅವರ ಕಣ್ಣು ಮಂಜಾಗುತ್ತ ಬಂದಾಗ, ಹೊಸ ವರ್ಷಕ್ಕೆ ಕ್ಯಾಮೆರಾ ಮುಚ್ಚಿಡುತ್ತೇನೆ ಎಂದರು. ಅವರಿಗೆ ಬೇಕಿದ್ದ ಮುಖ ಇನ್ನೊಂದೇ ಉಳಿದಿತ್ತು, ಕಿನುವಿನದು. ನನಗೆ ಸಿಟ್ಟು ಬಂದು, ಬಾಯಿ ಬಿಟ್ಟು ಕೇಳೋಕೇನು ರೋಗ ಎಂದು ರೇಗಿದೆ.

"ಯಾವ ಮುಖ ಇಟ್ಕೊಂಡು ಕೇಳ್ಲಿ, ತಾಮಯೊ?" ಎಂದರು.

ಅವರು ಕೇಳದಿದ್ದರೆ ನಾನು ಹೇಳಬಾರದೆಂದು ಯಾವ ಶಾಸ್ತ್ರವೂ ಇಲ್ಲ. ಮರುದಿನವೇ ವಡೆ ಅಂಗಡಿಗೆ ಹೋಗಿ, ಹಮಾಸಕಿಯವರ ಕಣ್ಣು ಹೋಗುತ್ತಿದೆ ಎಂದೆ. ಕಿನು ಅಕ್ಕ ಬಾಣಲೆಯಿಂದ ತಲೆ ಎತ್ತಲಿಲ್ಲ.

ಚಳಿಗಾಲದ ಹೊಸ್ತಿಲಲ್ಲಿ, ಪರ್ಸಿಮನ್ ಹಣ್ಣಿನ ಕಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಆಕೆಯೇ ನನ್ನ ಕುರ್ಚಿಗೆ ಬಂದು ಕೂತಳು. "ಮೇಲೆ ಎತ್ತಿ ಕಟ್ಟು" ಎಂದಳು. ನನ್ನ ಬಾಚಣಿಗೆ ನಿಂತುಬಿಟ್ಟಿತು. ಮೊದಲು ನನ್ನಮ್ಮ, ಆಮೇಲೆ ನಾನು, ಆ ಕತ್ತಿನ ಮೇಲೆ ಕೂದಲು ಬೀಳುವಂತೆಯೇ ಕತ್ತರಿಸಿಕೊಂಡು ಬಂದಿದ್ದೆವು. ಅಂದು ಎತ್ತಿ ಕಟ್ಟಿದೆ. ನನ್ನ ಕಣ್ಣು ತುಂಬಿದ್ದನ್ನು ಕನ್ನಡಿಯಲ್ಲಿ ನೋಡಿ, "ಅಳೋಕೆ ಬೇರೆ ದುಡ್ಡು ಕೊಡಲ್ಲ ನಾನು" ಎಂದಳು.

ಸ್ಟುಡಿಯೊಗೆ ನಾನೇ ಕರೆದುಕೊಂಡು ಹೋದೆ. ಹಮಾಸಕಿಯವರು ಎದ್ದು ನಿಂತು, ಸೊಂಟ ಬಾಗಿಸಿ ತಲೆ ತಗ್ಗಿಸಿದವರು ಹಾಗೆಯೇ ಇದ್ದರು. ಕ್ಷಮೆ ಕೇಳಲು ಬಾಯಿ ತೆರೆದರೆ ಕಿನು ಅಕ್ಕ ಬಿಡಲಿಲ್ಲ. ಕೈಚೀಲದಿಂದ ಗಂಡಿನ ಮನೆಗೆಂದು ತೆಗೆಸಿದ ಆ ಹಳೆಯ ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ಮೂಲೆ ಕೂಡ ಮಡಚಿರಲಿಲ್ಲ.

"ಸಿಟ್ಟಿಂದ ಫೋಟೊ ಬೇಡ ಅಂದೆ ಅಂದ್ಕೊಂಡ್ಯಾ, ತೊಮೊಜಿ?" ಎಂದಳು. "ಬಾಂಬ್ ಬೀಳ್ದೇ ಇದ್ದಿದ್ರೆ ನಾನು ಹೇಗಿರ್ತಿದ್ದೆ ಅಂತ ನಂಗೆ ತೋರ್ಸಿದ್ದು ನೀನೊಬ್ಬನೇ. ನಾನು ಸತ್ತಾಗ ಇದನ್ನೇ ಇಡಿಸ್ಬೇಕು ಅಂತಿದ್ದೆ. ಇನ್ನೊಂದು ಫೋಟೊ ಇದ್ರೆ ಅದನ್ನ ಇಟ್ಬಿಡ್ತಾರಲ್ಲ, ಅದಕ್ಕೇ ತೆಗೆಸ್ಕೊಳ್ಲಿಲ್ಲ."

ಹಮಾಸಕಿಯವರು ಕುರ್ಚಿ ಹುಡುಕಿ ಕೂತರು. ಮತ್ತೆ ಈಗ ಯಾಕೆ ಎಂದು ಮೆಲ್ಲಗೆ ಕೇಳಿದರು.

"ಮೊನ್ನೆ ಬಾಣಲೆ ಮುಂದೆ ನಿಂತು ಯೋಚ್ನೆ ಮಾಡ್ದೆ. ಈ ಫೋಟೊದ ಹುಡುಗಿ ಒಂದಾದ್ರೂ ವಡೆ ಕರ್ದಿದ್ದಾಳಾ? ಜನ ಕಣ್ಣು ಹೊರಳಿಸ್ಕೊಂಡು ಹೋಗಿದ್ದು ಇವಳನ್ನ ನೋಡಿ ಅಲ್ಲ. ಎಲ್ಲಾ ಸಹಿಸ್ಕೊಂಡಿದ್ದು ನಾನು. ಊದುಬತ್ತಿ ಮಾತ್ರ ಇವಳಿಗ್ಯಾಕೆ?"

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಹಮಾಸಕಿಯವರು ಕ್ಯಾಮೆರಾ ಹಿಂದೆ ನಿಂತರು. ಮುಖ ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದು ತಡವರಿಸಿದರು. ಕಾಣದಿದ್ದರೆ ಹತ್ತಿರ ಬಾ ಎಂದಳು ಕಿನು ಅಕ್ಕ. ಅವರು ಮುಂದೆ ಬಂದು, ಬಗ್ಗಿ, ಉಸಿರು ತಾಗುವಷ್ಟು ಸಮೀಪದಿಂದ ಅವಳ ಕತ್ತನ್ನು ನೋಡಿದರು. ಜಗತ್ತಿನಲ್ಲಿ ಆ ಗಾಯದ ಗೆರೆ ಗೆರೆಯನ್ನೂ ಬಲ್ಲವರು ಅವರೊಬ್ಬರೇ. ಒಂದೊಂದನ್ನೂ ಮುಚ್ಚಿದವರಲ್ಲವೇ.

"ಕಿವಿ ಕೆಳಗೆ ಸಣ್ಣ ಗೆರೆಯೊಂದಿತ್ತು. ಕೊಕ್ಕೆ ತರ. ಕಾಣ್ತಿಲ್ವಲ್ಲ, ಕಿನು ಅಕ್ಕ?"

"ಮುದುಕಿಯಾದೆ ಕಣೋ. ಸುಕ್ಕಲ್ಲಿ ಸೇರ್ಹೋಯ್ತು."

ಅವರು ಫೋಟೊ ತೆಗೆದರು. ಅವಳು ನಗುತ್ತಲೇ ಇದ್ದಳು. ಆಮೇಲೆ ಕುಂಚ ಹಿಡಿದು, ವಡೆಗೆ ಉಪ್ಪು ನೋಡುವಾಗಿನ ಮುಖ ಮಾಡಿಕೊಂಡು ರಟ್ಟಿನ ಮೇಲೆ ಬರೆದಳು: 'ಇದು ನನ್ನ ಮುಖ. ಇನ್ಯಾವ ಮಗುವಿನ ಮುಖಕ್ಕೂ ಹೀಗಾಗದಿರಲಿ.' ಹಳೆಯ ಫೋಟೊವನ್ನು ಅವರ ಕೈಗೇ ಕೊಟ್ಟಳು. ಈ ಹುಡುಗಿಯನ್ನು ಮಾಡಿದವನು ನೀನು, ನೀನೇ ನೋಡಿಕೊ ಎಂದಳು. ಹೊಸ ವರ್ಷಕ್ಕೆ ಹಮಾಸಕಿಯವರು ಹೇಳಿದಂತೆಯೇ ಕ್ಯಾಮೆರಾ ಮುಚ್ಚಿಟ್ಟರು.

ಅದಾಗಿ ಎರಡು ವರ್ಷಕ್ಕೆ ಕಿನು ಅಕ್ಕ ಹೋದಳು. ಬಿಳಿ ಸೇವಂತಿಗೆಗಳ ನಡುವೆ ಆ ಬೆಳಿಗ್ಗೆ ತೆಗೆದ ಫೋಟೊ ಇತ್ತು. ಬೀದಿಯ ಮಕ್ಕಳು, ನಮ್ಮ ವಡೆ ಅಜ್ಜಿ ಎಂದು ಬೊಟ್ಟು ಮಾಡಿ ತೋರಿಸಿದವು. ಯಾರೂ ಕಣ್ಣು ಹೊರಳಿಸಲಿಲ್ಲ.

ಅಷ್ಟು ಹೊತ್ತಿಗೆ ಹಮಾಸಕಿಯವರಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ತೋಳು ಹಿಡಿದು ಮುಂದೆ ಬಂದು ಊದುಬತ್ತಿ ಹಚ್ಚಿ, ಹೇಗಿದ್ದಾಳೆ ಎಂದು ಕೇಳಿದರು.

"ನಗ್ತಿದ್ದಾರೆ. ಕತ್ತು ಪೂರ್ತಿ ಕಾಣ್ತಿದೆ" ಎಂದೆ.

ಅವರು ಫೋಟೊದ ಕಡೆಗೆ ಮುಖ ಮಾಡಿ ಕೈಮುಗಿದರು.

"ಸದ್ಯ," ಎಂದರು, "ಈ ಸಲ ನಾನು ಕೈಹಾಕ್ಲಿಲ್ಲ."