ಬುಡನಸಾಬನ ಮೈಕ್ ರಿಪೇರಿ

ಬೈಲಹೊಂಗಲದಲ್ಲಿ ಯಾರಾದರೂ ಸತ್ತರೆ ಯಮನ ನಂತರ, ನೆಂಟರಿಗಿಂತ ಮೊದಲು ಗೊತ್ತಾಗುವುದು ಬುಡನಸಾಬನಿಗೆ. ಧ್ವನಿವರ್ಧಕದ ಎರಡು ಭೋಂಗಾ ಕಟ್ಟಿದ ಆಟೋದಲ್ಲಿ ಓಣಿ ಓಣಿ ತಿರುಗಿ, ಮೈಕಿನಲ್ಲಿ ಒದರಿ ಸುದ್ದಿ ಮುಟ್ಟಿಸುವುದು ಇಪ್ಪತ್ತು ವರ್ಷದಿಂದ ಅವನ ಕಸುಬು. ನಿಧನ, ನಳದ ನೀರು ಬಿಡುವ ಹೊತ್ತು, ಕಳೆದುಹೋದ ಎಮ್ಮೆ, ಸೀರೆಯ ರಿಯಾಯಿತಿ, ಎಲ್ಲವೂ ಅದೇ ಗಂಟಲಿನಲ್ಲಿ. ಜಾಹೀರಾತಿಗೆ ಮಾತ್ರ ಕೊನೆಗೊಂದು ಒಗ್ಗರಣೆ: "ನಾನೂ ತೊಗೊಂಡೇನಿ, ನೀವೂ ತೊಗೋರಿ." ಮೊಣಕಾಲು ನೋವಿನ ಎಣ್ಣೆ, ದನದ ಹಿಂಡಿ, ಹೆಂಗಸರ ನೈಟಿ, ಎಲ್ಲವನ್ನೂ ಅವನು ತೊಗೊಂಡಿದ್ದ.

ಇಂಥವನಿಗೆ ಹೋದ ವರ್ಷ ಎದೆ ಡವಡವ ಶುರುವಾಯಿತು. ಮೈಕ್ ಹಿಡಿದರೆ ಅಂಗೈ ಬೆವರು, ಉಸಿರು ಸಿಕ್ಕಿಕೊಂಡ ಹಾಗೆ, ಈಗಲೇ ಸತ್ತೆನೆಂಬ ಭಯ. ತಾನೇ ಸತ್ತರೆ ಸುದ್ದಿ ಸಾರುವವರು ಯಾರು ಎಂಬ ಚಿಂತೆ ಬೇರೆ. ಡಾಕ್ಟರು ಯಂತ್ರ ಹಚ್ಚಿ ನೋಡಿ, ಎದೆ ಗಟ್ಟಿಯಾಗಿದೆ, ಮನಸ್ಸಿನ ಡಾಕ್ಟರಿಗೆ ತೋರಿಸು ಎಂದರು. ಎದೆಯೇ ಕೆಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು ಬುಡನಸಾಬನಿಗೆ. ಎದೆಯ ರೋಗವಾದರೆ ಊರು ಎಳನೀರು ಹಿಡಿದು ನೋಡಲು ಬರುತ್ತದೆ. ತಲೆಯ ರೋಗವಾದರೆ ಬಾಗಿಲ ಸಂದಿಯಿಂದ ನೋಡುತ್ತದೆ. ಹುಚ್ಚನ ಬಾಯಿಗೆ ಸತ್ತವರ ಹೆಸರು ಯಾರು ಕೊಟ್ಟಾರು? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬುದು ಆ ಊರ ಬಾಯಿಯೇ ಆಗಿದ್ದ ಅವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಗುಳಿಗೆ ತಂದ. ಹೆಂಡತಿ ಹಸೀನಾಬಿಗೆ ಮೈಕ್ ರಿಪೇರಿ ಎಂದು ಹೇಳಿದ. ಗುಳಿಗೆಯನ್ನು ಮೈಕಿನ ಪೆಟ್ಟಿಗೆಯಲ್ಲೇ ಇಟ್ಟ. ಎದೆ ಮೆಲ್ಲಗೆ ಹತೋಟಿಗೆ ಬಂತು. ಗುಟ್ಟು ಬಯಲಾದೀತೆಂಬ ಭಯಕ್ಕೆ ಮಾತ್ರ ಗುಳಿಗೆ ಇರಲಿಲ್ಲ.

ಎಂಟನೆಯ ತಿಂಗಳಿಗೆ ಒಂದು ಸೇವಾಸಂಸ್ಥೆಯವರು ಮಂಗಲ ಕಾರ್ಯಾಲಯದಲ್ಲಿ ಮಾನಸಿಕ ರೋಗದ ಉಚಿತ ಶಿಬಿರ ಇಟ್ಟರು. ನಿಮ್ಮ ವಿಷಯ ಗುಟ್ಟಾಗಿರುತ್ತದೆ ಎಂದು ಊರೆಲ್ಲ ಒದರಲು ಬುಡನಸಾಬನನ್ನೇ ಹಿಡಿದರು. ಶಿಬಿರದ ದಿನ ಮೇಲ್ವಿಚಾರಕ ಸುಭಾಸ ಅವನ ಕೈಗೆ ಪಟ್ಟಿಯೊಂದನ್ನು ಕೊಟ್ಟ.

"ಜನಾ ಭಾಳ ಆಗೇತಿ. ಒಬ್ಬೊಬ್ಬರನ್ನ ಮೈಕಿನ್ಯಾಗ ಕರೀರಿ. ಹೆಸರು, ಗಂಡನ ಹೆಸರು, ಊರು."

"ಗುಟ್ಟು ಅಂದಿದ್ರೆಲ್ಲರಿ ಸಾಹೇಬ್ರ?"

"ರೋಗದ ಹೆಸರು ಹೇಳಬ್ಯಾಡ್ರಿ, ಮುಗೀತು."

ರೋಗದ ಹೆಸರು ಅವನ ಬೆನ್ನ ಹಿಂದಿನ ಬ್ಯಾನರಿನಲ್ಲಿ ಮೊಳದುದ್ದದ ಅಕ್ಷರಗಳಲ್ಲಿತ್ತು.

ಅಭ್ಯಾಸಬಲ, ಕೂಗಿಯೇಬಿಟ್ಟ: "ಬಾಯವ್ವ, ಗಂಡ ಮಾಳಪ್ಪ, ಸಾಲಹಳ್ಳಿ." ಗೇಟಿನಾಚೆಯ ಚಹಾದಂಗಡಿಯಲ್ಲಿದ್ದವರು ಕಪ್ಪು ಹಿಡಿದುಕೊಂಡೇ ಬಾಯವ್ವ ಯಾರೆಂದು ನೋಡಲು ಬಂದರು. ಗುರುತಿನವರು ಇರಲಾರರೆಂದು ಅಷ್ಟು ದೂರದ ರಾಮದುರ್ಗದ ಕಡೆಯಿಂದ ಬಂದಿದ್ದ ಹೆಣ್ಣುಮಗಳು, ಸೆರಗನ್ನು ಮುಖಕ್ಕೆಳೆದುಕೊಂಡು ಎದ್ದು ಗೇಟಿನ ಕಡೆ ನಡೆದಳು.

ಬುಡನಸಾಬನಿಗೆ ಜೀವನದಲ್ಲಿ ಮೊದಲ ಸಲ ತನ್ನ ಗಂಟಲಿನ ಮೇಲೆ ಹೇಸಿಕೆ ಹುಟ್ಟಿತು. ಎದೆ ಡವಡವ ಅನ್ನುತ್ತಿರುವಾಗಲೇ ಮೈಕ್ ಎತ್ತಿದ.

"ಎಲ್ಲಾರೂ ಈ ಕಡೆ ನೋಡ್ರಿ. ಬುಡನಸಾಬ, ಬೈಲಹೊಂಗಲ. ನನಗೂ ಇದ ರೋಗ ಐತಿ. ಎಂಟ ತಿಂಗಳಿಂದ ಗುಳಿಗಿ ತೊಗೊಂಡೇನಿ."

ಚಹಾದಂಗಡಿಯ ಗುರುನಾಥ, "ನೀವೂ ತೊಗೋರಿ" ಎಂದು ಮುಗಿಸಿದ. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊನ್ನೆ ನೈಟಿನೂ ತೊಗೊಂಡಿದ್ದಲ್ಲೋ," ಎಂದ ಇನ್ನೊಬ್ಬ. ಎಲ್ಲರ ಕಣ್ಣು ಬುಡನಸಾಬನ ಮೇಲಿದ್ದಾಗ ಬಾಯವ್ವ ಗೇಟಿನಿಂದ ತಿರುಗಿ ಡಾಕ್ಟರ ಕೋಣೆ ಹೊಕ್ಕಿದ್ದನ್ನು ಅವನು ಮಾತ್ರ ಕಂಡ. ಮೈಕ್ ಬಂದ್ ಮಾಡಿ, ಉಳಿದವರನ್ನು ಹತ್ತಿರ ಹೋಗಿ ಮೆಲ್ಲಗೆ ಕರೆದ.

"ಭಾರಿ ಜಾಹೀರಾತು ಮಾಡಿದ್ರಿ ಬಿಡ್ರಿ," ಎಂದು ಸುಭಾಸ ಬೆನ್ನು ತಟ್ಟಿದ.

ಇಪ್ಪತ್ತು ವರ್ಷದಲ್ಲಿ ಅವನು ಮಾಡಿದ ಒಂದೇ ಒಂದು ನಿಜವಾದ ಜಾಹೀರಾತು ಅದು. ಊರು ಅದೊಂದನ್ನೇ ನಂಬಲಿಲ್ಲ. ಬದುಕಿದೆ ಎಂದೂ ಅನ್ನಿಸಿತು, ಸಂಕಟವೂ ಆಯಿತು.

ಸಂಜೆ ಹಸೀನಾಬಿ ರೊಟ್ಟಿ ಬಡಿಸಿ ಎದುರಿಗೆ ಕುಳಿತಳು. ಭೋಂಗಾದ ದನಿ ಅವರ ಓಣಿಗೂ ಮುಟ್ಟಿತ್ತು. ಅವಳು ನಗಲಿಲ್ಲ.

"ಎಂಟ ತಿಂಗಳಾತು, ಮೈಕ್ ಇನ್ನೂ ಗೊರಗೊರ ಅಂತೈತಿ," ಎಂದಳು. "ಮುಂದಿನ ಸಲಾ ರಿಪೇರಿಗೆ ಹೋಗೂಮುಂದ ನಾನೂ ಬರತೇನಿ."

ಬುಡನಸಾಬ ಎದ್ದು ಹೋಗಿ, ಮೈಕಿನ ಪೆಟ್ಟಿಗೆಯಿಂದ ಗುಳಿಗೆ ತಂದು ರೊಟ್ಟಿಯ ಪಕ್ಕ ಅವಳ ಕಣ್ಣೆದುರೇ ಇಟ್ಟ.