ಗುಲ್ಜಾರಬೀಯ ಗೂಡಿನಲ್ಲಿ ಎಣ್ಣೆ ಸೀಸೆಗಳು

ಬೆಳಗಿನ ಆರು ಗಂಟೆ. ಬಳ್ಳಾರಿಯ ಮನೋವೈದ್ಯರೊಬ್ಬರ ಪುಟ್ಟ ಕ್ಲಿನಿಕ್ಕಿನ ಹಿತ್ತಲಲ್ಲಿ ಹಂಡೆಯ ನೀರು ಕಾಯುತ್ತಿದೆ. ಅಲ್ಲಿ ಕೆಲಸಕ್ಕಿರುವ ಗುಲ್ಜಾರಬೀ ಸೆರಗು ಸಿಕ್ಕಿಸಿಕೊಂಡು ಸೀಗೆಪುಡಿ ಕಲಸುತ್ತಿದ್ದಾರೆ. ಕಿವಿ ಮಾತ್ರ ಬೀದಿಯ ಕಡೆಗಿದೆ. ಕುರುಗೋಡಿನ ಮೊದಲ ಬಸ್ಸಿಗೆ ಬರುವ ಒಂಬತ್ತು ವರ್ಷದ ಜಯಶ್ರೀ ಇವತ್ತು ಬರುತ್ತಾಳೋ ಇಲ್ಲವೋ. ನಿನ್ನೆ ಅವಳು ಚೀರಿಕೊಂಡು ಕುರ್ಚಿಯಿಂದೆದ್ದು ಓಡಿದ್ದಳು.

ಚಿತ್ತ ಒಂದೆಡೆ ನಿಲ್ಲದ, ಕೂತಲ್ಲಿ ಕೂರಲಾಗದ ಮಕ್ಕಳಿಗೆ ಇಲ್ಲಿ ಹೊಸದೊಂದು ಚಿಕಿತ್ಸೆ ನಡೆದಿದೆ. ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜು ತಲೆಗೆ ಕಟ್ಟಿ, ಮಿದುಳಿಗೆ ತೀರಾ ಸಣ್ಣ ಕರೆಂಟು ಹಾಯಿಸುತ್ತಾರೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಹೀಗೆ ಇಪ್ಪತ್ತು ದಿನ. ಇದಿನ್ನೂ ಪರೀಕ್ಷೆಯ ಹಂತ, ಗುಣವಾಗೇ ಆಗುತ್ತದೆ ಅನ್ನಲಾರೆ ಎಂದು ಡಾಕ್ಟರು ಮೊದಲೇ ಹೇಳಿಬಿಡುತ್ತಾರೆ. ತಲೆಯಲ್ಲಿ ಎಣ್ಣೆಯಿದ್ದರೆ ಸ್ಪಂಜು ಸರಿಯಾಗಿ ಕೂರದು, ಚರ್ಮ ಉರಿಯುತ್ತದೆ. ಆದರೆ ಮಗಳನ್ನು ಒಣತಲೆಯಲ್ಲಿ ಡಾಕ್ಟರ ಬಳಿಗೆ ಕರೆತರುವ ತಾಯಿ ಈ ಸೀಮೆಯಲ್ಲಿ ಎಲ್ಲಿದ್ದಾಳೆ?

ಆ ಎಣ್ಣೆಗೆ ಅದಿರು ಲಾರಿಗಳ ಧೂಳೂ ಮೆತ್ತಿರುತ್ತದೆ. "ಮೊದಲ್ನೇ ಚೊಂಬು ನೀರು ಕೆಂಪಗ ಇಳಿತೈತ್ರಿ," ಎನ್ನುತ್ತಾರೆ ಗುಲ್ಜಾರಬೀ. "ಗಣಿ ಸಾಹುಕಾರ್ರು ಮಣ್ಣು ಚೀನಾಕ್ಕ ಕಳಸ್ತಾರ, ನಾನು ಮೋರಿಗೆ ಕಳಸ್ತೀನಿ."

ಕೌಲ್ ಬಜಾರಿನ ಈಕೆಗೆ ಐವತ್ತೆರಡು. ಲಾರಿಗಳ ತಾಡಪಾಲು ಹೊಲಿಯುತ್ತಿದ್ದ ಗಂಡ ಚಾಂದಸಾಬ್, ಕಣ್ಣು ಮಂಜಾದ ಮೇಲೆ ಮನೆಯಲ್ಲಿದ್ದಾರೆ. ಇಪ್ಪತ್ತು ವರ್ಷ ಓಣಿಯ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದ ಕೈ ಇದು. "ಹಚ್ಚಿದ ಕೈಲೇ ಈಗ ತೆಗೀತೀನಿ." ದಿನಕ್ಕೆ ಆರೇಳು ತಲೆ. ತಾಯಂದಿರ ಎಣ್ಣೆ ಸೀಸೆಗಳನ್ನು ಬಾಗಿಲಲ್ಲೇ ಇಸಿದುಕೊಂಡು ಗೋಡೆಯ ಗೂಡಿನಲ್ಲಿಡುತ್ತಾರೆ. ತೊಳೆದ ನೆತ್ತಿಯನ್ನು ಬೆರಳಲ್ಲಿ ಸವರಿ ನೋಡಿದ ಮೇಲೆಯೇ ಸ್ಪಂಜು ಕಟ್ಟುತ್ತಾರೆ.

ನಿನ್ನೆ ಆ ಸವರಿ ನೋಡುವುದು ತಪ್ಪಿತು. ಸೀಸೆ ಕೊಡದೆ ತನ್ನಲ್ಲೇ ಇಟ್ಟುಕೊಂಡಿದ್ದ ಜಯಶ್ರೀಯ ತಾಯಿ ಹಂಪಮ್ಮ, ತೊಳೆದ ಒಣತಲೆಯಲ್ಲೇ ಮಗಳನ್ನು ಒಳಗೆ ಕಳಿಸಲು ನಾಚಿ, ಬಾಗಿಲ ಮರೆಯಲ್ಲಿ ಒಂದಿಷ್ಟು ಎಣ್ಣೆ ತಟ್ಟಿದ್ದರು. "ಆಕಿ ಹಚ್ಚಿದ್ದು ತಪ್ಪಲ್ರಿ, ತಾಯಿ ಕೈ," ಎನ್ನುತ್ತಾರೆ ಗುಲ್ಜಾರಬೀ. " ನೋಡ್ದ ಕಟ್ಟಿದ್ದು ನನ್ನ ತಪ್ಪು. ಬೆಳಗಿನ ನಮಾಜಿಗೆ ನಿಂತ್ರೂ ಆ ಹುಡುಗಿ ಚೀರಿದ್ದ ಕೇಳ್ತಿತ್ತು."

ಬಾಗಿಲು ಸದ್ದಾಗುತ್ತದೆ. ಹಂಪಮ್ಮ ಬಂದಿದ್ದಾರೆ; ಮಗಳು ಸೆರಗಿನ ಹಿಂದೆ.

"ಇನ್ನ ಒಲ್ಲೆವಬೇ. ಹೇಳಿ ಹೋಗಾಕ ಬಂದೀನಿ. ಕರೆಂಟು ಕೊಡಿಸಿ ಮಗಳ್ನ ಹುಚ್ಚಿ ಮಾಡ್ತೀ ಏನಂತ ಓಣಿಯವರೆಲ್ಲ ಬೈತಾರ."

"ಹೋಗೀರಂತ. ನೀರು ಕಾದೈತಿ, ತಲಿ ತೊಳಸ್ಕೊಂಡರ ಹೋಗ್ಲಿ ಕೂಸು."

ಬಿಸ್ಮಿಲ್ಲಾ ಎಂದು ಮೊದಲ ಚೊಂಬು ಸುರಿಯುತ್ತಾರೆ. ನೊರೆಯ ಒಳಗಿಂದ ಜಯಶ್ರೀ ಕೇಳುತ್ತಾಳೆ: "ಚಾಚಿ, ಮೊದ್ಲು ನೀ ಕಟ್ಕೋ, ನೋಡಾಮು."

"ನನ್ನ ತಲ್ಯಾಗ ಏನೈತವ್ವ? ಕರೆಂಟು ಒಳಗ ಹೊಕ್ರ ಹಾದಿ ತಪ್ಪತೈತಿ."

ಹುಡುಗಿ ನಗುತ್ತಾಳೆ. ಗುಲ್ಜಾರಬೀ ತಲೆ ಒರೆಸಿ, ನೆತ್ತಿ ಸವರಿ, ಹಂಪಮ್ಮನ ಬೆರಳು ಹಿಡಿದು ಅಲ್ಲೇ ಇಡುತ್ತಾರೆ.

"ನೀವ ನೋಡ್ರಿ ಅಕ್ಕಾ, ಜಿಡ್ಡು ಐತೇನು? ಇನ್ನ ದಿನಾ ನೀವ ನೋಡ್ರಿ, ಆಮ್ಯಾಲ ನಾ ಕಟ್ತೀನಿ. ಮುಗದ ಮ್ಯಾಲ ನಾನ ಎಣ್ಣಿ ಹಚ್ಚಿ, ಹೆಳಲು ಹಾಕಿ ಬಸ್ಸಿಗೆ ಕಳಸ್ತೀನಿ. ಒಣತಲಿಲೆ ಊರಿಗೆ ಕಳಸಂಗಿಲ್ಲ."

ಹಂಪಮ್ಮ ಮಗಳ ನೆತ್ತಿಯನ್ನು ಮತ್ತೊಮ್ಮೆ ಸವರುತ್ತಾರೆ. ಆಮೇಲೆ ಚೀಲಕ್ಕೆ ಕೈಹಾಕಿ ಎಣ್ಣೆ ಸೀಸೆ ತೆಗೆದು ಕೊಡುತ್ತಾರೆ. ಸಿರುಗುಪ್ಪ, ಸಿರಿಗೇರಿಯ ತಾಯಂದಿರ ಸೀಸೆಗಳಿಗಾಗಿ ಕಾದಿರುವ ಗೂಡಿನಲ್ಲಿ ಅದು ಇವತ್ತಿನ ಮೊದಲನೆಯದು.

"ಗುಣ ಆಗೋದು ಅಲ್ಲಾನ ಕೈಯಾಗೈತಿ, ಡಾಕ್ಟ್ರ ಕೈಯಾಗೈತಿ," ಎನ್ನುತ್ತಾ ಗುಲ್ಜಾರಬೀ ಸ್ಪಂಜು ಹಿಂಡುತ್ತಾರೆ. "ನಾ ತೊಳೆದ ತಲಿ ಉರೀಬಾರ್ದು. ನಂದು ಅಷ್ಟ."